ಒಬ್ಬನೇ ಮುಂದಾಳಾದರೆ ಸಂಘಕ್ಕೆ ಧೈರ್ಯ ಬಾರದು

(ಚಳ್ಳಕೆರೆಯಲ್ಲಿ ಎಣ್ಣೆ ಗಿರಣಿ ಕಾರ್ಮಿಕರು, ಹಮಾಲರು ಹಾಗೂ ಮೊಳಕಾಲ್ಮೂರಿನ ನೇಕಾರರು ಕೂಡಿದ್ದ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ಈ ಶಿಬಿರದಲ್ಲಿ ನನಗೆ ಒಪ್ಪಿಸಿರುವ ವಿಷಯ ‘ಮುಂದಾಳುಗಳ ತಯಾರಿ’. ದುಡಿಯುವ ಕಡೆಯಲ್ಲೇ ನಾಲ್ಕು ಜನ ಮುಂದಾಳುಗಳು ತಯಾರಾದರೆ ಉಳಿದ ನಲವತ್ತು ಜನರಿಗೆ ಧೈರ್ಯ ಹೇಗೆ ಬರುತ್ತದೆ ಎಂಬುದನ್ನು ಹೇಳಬೇಕೆಂದು ಶಿಬಿರದವರ ಅಪ್ಪಣೆ. ಇದನ್ನು ಹೇಳಲು ನನಗಿರುವ ಯೋಗ್ಯತೆ ಒಂದೇ. ಈ ಕೆಲಸವನ್ನು ನಾನು ನಾಲ್ಕು ವರ್ಷ ತಪ್ಪಾಗಿ ಮಾಡಿದೆ. ಆದುದರಿಂದ ಮೊದಲು ನನ್ನ ತಪ್ಪನ್ನು ನಿಮ್ಮ ಮುಂದೆ ಇಟ್ಟು, ಅನಂತರ ಮಿಕ್ಕ ಮಾತಿಗೆ ಬರುತ್ತೇನೆ.

ಎರಡು ವರ್ಷಗಳ ಹಿಂದೆ ಶೇಂಗಾ ಸುಗ್ಗಿಯ ಕಾಲ. ಇಲ್ಲಿಯ ಒಂದು ಗಿರಣಿಯಲ್ಲಿ ಎರಡು ಬೇಡಿಕೆಗಳಿದ್ದವು. ಮೂಟೆ ಇಳಿಸುವ ಹಮಾಲರ ದರ ಏರಬೇಕು ಎಂಬುದು ಒಂದು. ಬೀಜ ಆರಿಸುವ ಹೆಣ್ಣುಮಕ್ಕಳ ಮೂಟೆಯನ್ನು ಅವರ ಕಣ್ಣೆದುರಿಗೇ ಕಾಟಾಕ್ಕೆ ಹಾಕಬೇಕು ಎಂಬುದು ಇನ್ನೊಂದು. ಮನವಿ ಬರೆದವನು ನಾನು. ಧಣಿಗಳ ಕೈಗೆ ಕೊಟ್ಟವನು ನಾನು. ಮಾತುಕತೆಗೆ ದಿನ ಗೊತ್ತು ಮಾಡಿಸಿಕೊಂಡವನೂ ನಾನೇ. ಆ ದಿನಕ್ಕೆ ಇನ್ನು ಮೂರು ದಿನವಿದೆ ಎನ್ನುವಾಗ ನನಗೆ ವಿಷಮಶೀತ ಜ್ವರ ಹತ್ತಿ ಚಿತ್ರದುರ್ಗಕ್ಕೆ ಹೊತ್ತುಕೊಂಡು ಹೋದರು. ಹನ್ನೆರಡು ದಿನ ಮಂಚ ಬಿಟ್ಟು ಏಳಲಿಲ್ಲ.

ಗೊತ್ತಾದ ದಿನ ಧಣಿಗಳು ಹನ್ನೊಂದು ಜನರನ್ನು ಒಳಕ್ಕೆ ಕರೆಸಿದರು. ಬೈಯಲಿಲ್ಲ, ಗದರಲಿಲ್ಲ. ಎಲ್ಲರಿಗೂ ಚಹಾ ಕೊಡಿಸಿ, ‘ಯಾರಪ್ಪಾ ಮಾತಾಡೋರು?’ ಎಂದು ಕೇಳಿದರಂತೆ. ಹನ್ನೊಂದು ಜನರೂ ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ಬಾಯಿ ಬಿಡಲಿಲ್ಲ. ಗುಮಾಸ್ತರು ಒಂದು ಕಾಗದ ಓದಿದರು. ಹಳೆಯ ದರವೇ ನಡೆಯತಕ್ಕದ್ದು, ಬರುವ ಸುಗ್ಗಿಯವರೆಗೆ ಬೇರೆ ಬೇಡಿಕೆ ಇಡತಕ್ಕದ್ದಲ್ಲ ಎಂದಿತ್ತು. ಏಳು ಜನ ರುಜು ಹಾಕಿದರು, ನಾಲ್ಕು ಜನ ಹೆಬ್ಬೆಟ್ಟು ಒತ್ತಿದರು.

ನಾನು ಎದ್ದು ಬಂದವನೇ ಸಭೆ ಕರೆದು ಅವರ ಮೇಲೆ ರೇಗಾಡಿದೆ. ಹೇಡಿಗಳೆಂದೆ. ಇಷ್ಟು ದಿನ ಹೇಳಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ಎಂದೆ. ಆಗ ಒಬ್ಬ ಹಿರಿಯ ಹಮಾಲರು ನಿಧಾನವಾಗಿ ಎದ್ದು ನಿಂತು, ‘ಮೇಷ್ಟ್ರೇ, ನಾಕು ವರ್ಷ ನೀವು ಮುಂದೆ ನಿಂತ್ರಿ, ನಾವು ಹಿಂದೆ ನಿಂತ್ವಿ. ಧಣಿ ಮುಖ ನೋಡಿ ಮಾತಾಡಿದವ್ರು ನೀವು. ನಾವು ನೋಡಿದ್ದು ನಿಮ್ಮ ಬೆನ್ನು ಮಾತ್ರ. ಇವತ್ತು ಇದ್ದಕ್ಕಿದ್ದಂಗೆ ಧಣಿ ಮುಖ ನೋಡಿ ಅಂದ್ರೆ ಹೆಂಗೆ ನೋಡಾಣ?’ ಎಂದರು.

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಮನೆಗೆ ಹೋಗಿ ಯೋಚಿಸಿದೆ. ನಾಲ್ಕು ವರ್ಷದಲ್ಲಿ ನಾನು ಕಟ್ಟಿದ್ದು ಸಂಘವೆಂದು ತಿಳಿದಿದ್ದೆ. ನೋಡಿದರೆ ನನ್ನ ಹಿಂದೆ ನಿಲ್ಲುವ ಒಂದು ಸಾಲನ್ನು ಕಟ್ಟಿದ್ದೆ, ಅಷ್ಟೇ.

ಧೈರ್ಯ ಎಂದರೇನು?

ಬಂಧುಗಳೇ, ಧೈರ್ಯವನ್ನು ಭಾಷಣದಿಂದ ತುಂಬಬಹುದೆಂದು ನಾವು ಪಕ್ಷದವರು ನಂಬಿರುತ್ತೇವೆ. ವೇದಿಕೆ ಹತ್ತಿ ‘ಹೆದರಬೇಡಿ’ ಎಂದು ಕೂಗುತ್ತೇವೆ. ಚಪ್ಪಾಳೆ ಬೀಳುತ್ತದೆ. ಮರುದಿನ ಗಿರಣಿಯ ಗೇಟಿನಲ್ಲಿ ಮೇಸ್ತ್ರಿಯ ಕಣ್ಣು ಕೆಂಪಾದೊಡನೆ ಆ ಧೈರ್ಯ ಇಳಿದುಹೋಗುತ್ತದೆ. ಇದರಲ್ಲಿ ಕೂಲಿಕಾರನ ತಪ್ಪಿಲ್ಲ. ಈಜು ಬಾರದವನನ್ನು ಬಾವಿಯ ಕಟ್ಟೆಯ ಮೇಲೆ ನಿಲ್ಲಿಸಿ ‘ಧುಮುಕು’ ಎಂದರೆ ಅವನು ಹಿಂದೆ ಸರಿಯುತ್ತಾನೆ. ಸೊಂಟಕ್ಕೆ ಹಗ್ಗ ಕಟ್ಟಿ, ಒಣ ಸೋರೆಬುರುಡೆ ಕೊಟ್ಟು, ಮೊದಲ ಮೆಟ್ಟಿಲ ನೀರಿನಲ್ಲಿ ನಾಲ್ಕು ದಿನ ಕೈಕಾಲು ಆಡಿಸಿದರೆ ಐದನೆಯ ದಿನ ತಾನಾಗಿ ಧುಮುಕುತ್ತಾನೆ. ಮಾಡಿ ನೋಡಿದ ಕೆಲಸದಿಂದ ಮಾತ್ರ ಧೈರ್ಯ ಬರುತ್ತದೆ. ಒಮ್ಮೆ ಮಾತಾಡಿದವನಿಗೆ ಎರಡನೆಯ ಸಲ ಮಾತಾಡುವ ಧೈರ್ಯ. ಒಮ್ಮೆ ಲೆಕ್ಕ ಹಿಡಿದವನಿಗೆ ಮತ್ತೊಮ್ಮೆ ಗುಮಾಸ್ತರನ್ನು ಕೇಳುವ ಧೈರ್ಯ.

ಶಾಲೆಯಲ್ಲಿದ್ದಾಗಲೂ ನಾನು ಇದೇ ತಪ್ಪು ಮಾಡುತ್ತಿದ್ದೆ. ಸಾಹೇಬರು ತಪಾಸಣೆಗೆ ಬಂದರೆ ಮುಂದಿನ ಸಾಲಿನ ಒಬ್ಬ ಜಾಣ ಹುಡುಗನನ್ನು ಎಬ್ಬಿಸಿ ಮಗ್ಗಿ ಹೇಳಿಸುತ್ತಿದ್ದೆ. ಸಾಹೇಬರು ಸಂತೋಷಪಟ್ಟು ಹೋಗುತ್ತಿದ್ದರು. ಹಿಂದಿನ ಸಾಲಿನ ಮಕ್ಕಳು ಮಾತ್ರ ‘ಇದು ಅವನ ಕೆಲಸ, ನಮ್ಮದಲ್ಲ’ ಎಂಬುದನ್ನು ಪ್ರತಿ ವರ್ಷವೂ ಕಲಿಯುತ್ತಿದ್ದರು. ಸಂಘದಲ್ಲಿ ಒಬ್ಬನೇ ಮಾತಾಡಿದರೆ ಉಳಿದವರು ಕಲಿಯುವ ಪಾಠವೂ ಇದೇ.

ಇಲ್ಲಿ ಕುಳಿತಿರುವ ಅಂಗಡಿಕಾರ ಸ್ನೇಹಿತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಾನಲ್ಲದೆ ಬೇರೆ ಯಾರನ್ನೂ ಗಲ್ಲಾಪೆಟ್ಟಿಗೆಯ ಮುಂದೆ ಕೂರಿಸದ ಯಜಮಾನ, ಮಗಳ ಮದುವೆಗೆ ಹೋದರೂ ಅಂಗಡಿಗೆ ಬೀಗ ಹಾಕಿಯೇ ಹೋಗಬೇಕು. ಅಂಗಡಿಯ ಹುಡುಗನಿಗೆ ತಕ್ಕಡಿ ಕೊಟ್ಟು, ಚಿಲ್ಲರೆ ಕೊಟ್ಟು, ಉದ್ದರಿ ಪುಸ್ತಕ ಕೊಟ್ಟು ಪಳಗಿಸಿದವನ ಅಂಗಡಿ ಯಜಮಾನ ಮಲಗಿದರೂ ನಡೆಯುತ್ತದೆ. ಆ ಹುಡುಗನೂ ಗಿರಾಕಿಯ ಎದುರು ತಲೆ ಎತ್ತಿ ನಿಲ್ಲುತ್ತಾನೆ.

ನಮ್ಮ ಬಂಡೆಯ ಮೇಲಿನ ಮಾತು

ಮೊಳಕಾಲ್ಮೂರು ತಾಲ್ಲೂಕಿನವರಿಗೆ ಬ್ರಹ್ಮಗಿರಿ ಗೊತ್ತು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಕಡೆಯೂ ಅಶೋಕ ಚಕ್ರವರ್ತಿಯ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವರು ಅವುಗಳನ್ನು ಕಂಡುಹಿಡಿದು ಲೋಕಕ್ಕೆ ತಿಳಿಸಿದರು. ದನ ಮೇಯಿಸುವ ಹುಡುಗರು ಅದಕ್ಕೂ ಮುಂಚೆ ಎಷ್ಟೋ ತಲೆಮಾರು ಆ ಬಂಡೆಗಳ ನೆರಳಲ್ಲಿ ಬುತ್ತಿ ಬಿಚ್ಚಿದ್ದರು, ಅಕ್ಷರ ಮಾತ್ರ ಯಾರಿಗೂ ತಿಳಿಯದು.

ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದಿನ ಆ ಬರಹದ ತಾತ್ಪರ್ಯ ನಮ್ಮ ಇಂದಿನ ವಿಷಯಕ್ಕೆ ಬಹಳ ಹತ್ತಿರ. ಪ್ರಯತ್ನದ ಫಲ ದೊಡ್ಡವರಿಗೆ ಮಾತ್ರ ಸಿಕ್ಕುವಂಥದಲ್ಲ, ಸಣ್ಣವನೂ ಶ್ರಮಪಟ್ಟರೆ ಸ್ವರ್ಗವನ್ನೇ ಪಡೆಯಬಲ್ಲನು, ದೊಡ್ಡವರೂ ಸಣ್ಣವರೂ ಇಬ್ಬರೂ ಪ್ರಯತ್ನಿಸಲಿ ಎಂದೇ ಇದನ್ನು ಸಾರಿದ್ದೇನೆ ಎಂದು ಅರಸ ಹೇಳುತ್ತಾನೆ. ಅವನು ಧರ್ಮದ ವಿಷಯವಾಗಿ ಹೇಳಿದನು. ನಾವು ಕೂಲಿಯ ವಿಷಯವಾಗಿ ಹೇಳಿಕೊಳ್ಳೋಣ. ಒಬ್ಬ ಚಕ್ರವರ್ತಿಗೆ ಸಣ್ಣವನ ಮೇಲೆ ಇದ್ದ ಆ ನಂಬಿಕೆ, ಸಮಾಜವಾದಿಯೆಂದು ಹೇಳಿಕೊಳ್ಳುವ ನನಗೆ ನನ್ನ ಜೊತೆಯ ಹಮಾಲರ ಮೇಲೆ ಇರಲಿಲ್ಲ. ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ.

ಚರಿತ್ರೆ ಕಲಿಸುವ ಪಾಠ

ಈ ತಪ್ಪು ನನ್ನೊಬ್ಬನದೇ ಅಲ್ಲ. ನಮ್ಮ ದೇಶದ ಕಾರ್ಮಿಕ ಚಳವಳಿಯ ಜೊತೆಯಲ್ಲೇ ಹುಟ್ಟಿದ್ದು. 1918ರಲ್ಲಿ ಮದರಾಸಿನಲ್ಲಿ ಮದರಾಸ್ ಲೇಬರ್ ಯೂನಿಯನ್ ಸ್ಥಾಪನೆಯಾಯಿತು. ಬಿನ್ನಿ ಕಂಪನಿಯ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಗಳ ಕೂಲಿಕಾರರ ಸಂಘ ಅದು. ಆ ಕೂಲಿಕಾರರ ದೂರನ್ನು ಮೊದಲು ಕಿವಿಗೊಟ್ಟು ಕೇಳಿದವರು ಸೆಲ್ವಪತಿ ಚೆಟ್ಟಿಯಾರ್ ಮತ್ತು ರಾಮಾನುಜುಲು ನಾಯ್ಡು, ಗಿರಣಿಯ ಆಸುಪಾಸಿನ ವ್ಯಾಪಾರಸ್ಥರು. ಅಂಗಡಿಕಾರ ಸ್ನೇಹಿತರು ಇದನ್ನು ಗಮನಿಸಬೇಕು. ಅವರು ಹೋಗಿ ಕರೆತಂದದ್ದು ಬಿ.ಪಿ. ವಾಡಿಯಾ ಎಂಬ ವಿದ್ಯಾವಂತರನ್ನು. ವಾಡಿಯಾ ಅವರು ದೊಡ್ಡ ಮನಸ್ಸಿನ ಮನುಷ್ಯರು. ಆದರೆ ಸಂಘದ ಭಾರವೆಲ್ಲ ಅವರ ಹೆಗಲ ಮೇಲೆ ಬಿತ್ತು. ಕಂಪನಿಯವರು ಹೈಕೋರ್ಟಿನಲ್ಲಿ ಅವರ ಮೇಲೆ ದಾವೆ ಹೂಡಿ ತಡೆಯಾಜ್ಞೆ ತಂದರು. ಕೊನೆಗೆ ವಾಡಿಯಾ ಅವರು ಸಂಘದಿಂದ ದೂರ ಸರಿಯಬೇಕಾಯಿತು. ಸಾವಿರಾರು ಜನರ ಸಂಘವನ್ನು ಕದಲಿಸಲು ಒಬ್ಬ ಮನುಷ್ಯನನ್ನು ಹಿಡಿದರೆ ಸಾಕು ಎಂಬುದನ್ನು ಮಾಲೀಕರು ಅಂದೇ ಕಂಡುಕೊಂಡರು.

ಆ ದಾವೆಯ ಬಿಸಿಯಿಂದಲೇ 1926ರ ಟ್ರೇಡ್ ಯೂನಿಯನ್ ಕಾಯಿದೆ ಹುಟ್ಟಿತು. ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು ಎಂದಿತು ಆ ಕಾಯಿದೆ. ಪದಾಧಿಕಾರಿಗಳಲ್ಲಿ ಅರ್ಧದಷ್ಟು ಜನರಾದರೂ ಆ ಉದ್ಯೋಗದಲ್ಲೇ ದುಡಿಯುವವರಾಗಿರಬೇಕು ಎಂದೂ ಹೇಳಿತು. ಅಂದರೆ ಹೊರಗಿನವರು ಅರ್ಧ, ಒಳಗಿನವರು ಅರ್ಧ. ಆದರೆ ಎಷ್ಟೋ ಸಂಘಗಳಲ್ಲಿ ಒಳಗಿನವರು ಹೆಸರಿಗೆ ಮಾತ್ರ. ಕಾಗದದ ಮೇಲೆ ಅವರ ರುಜು, ಬಾಯಿ ವಕೀಲರದ್ದು.

ಬೇರೆ ದಾರಿ ಹಿಡಿದವರೂ ಉಂಟು. ಅಹಮದಾಬಾದಿನಲ್ಲಿ 1918ರ ಗಿರಣಿ ಮುಷ್ಕರದ ಅನಂತರ, 1920ರಲ್ಲಿ ಅನಸೂಯಾಬೆನ್ ಸಾರಾಭಾಯಿ ಮತ್ತು ಗಾಂಧೀಜಿಯವರ ಆಶ್ರಯದಲ್ಲಿ ಮಜೂರ್ ಮಹಾಜನ ಸಂಘ ನಿಂತಿತು. ಅವರ ಎಲ್ಲ ಮತವನ್ನೂ ನಾವು ಸಮಾಜವಾದಿಗಳು ಒಪ್ಪುವುದಿಲ್ಲ. ಮುಷ್ಕರವೆಂದರೆ ಅವರು ಹಿಂಜರಿಯುತ್ತಿದ್ದರು ಎಂಬ ಆಕ್ಷೇಪಣೆ ನಮಗುಂಟು. ಆದರೆ ನೂಲುವ ಖಾತೆ, ನೇಯುವ ಖಾತೆ ಹೀಗೆ ಖಾತೆ ಖಾತೆಗೂ ಕೂಲಿಕಾರರೇ ಆರಿಸಿದ ಪ್ರತಿನಿಧಿಗಳನ್ನು ಇಟ್ಟರು. ದೂರು ಮೊದಲು ಆ ಪ್ರತಿನಿಧಿಯ ಕಿವಿಗೆ ಬೀಳಬೇಕು, ಅವನು ಅದನ್ನು ಮುಂದಕ್ಕೆ ಒಯ್ಯಬೇಕು. ಈ ಪದ್ಧತಿಯನ್ನು ನಾವು ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳಬಹುದು.

ನಮ್ಮ ರಾಜ್ಯದ ಉದಾಹರಣೆಯೇ ಬೇಕೆಂದರೆ ಕಾಗೋಡು ಇದೆ. ಸಾಗರದ ಸೀಮೆಯಲ್ಲಿ ಗೇಣಿ ಭತ್ತ ಅಳೆಯುವ ಕೊಳಗದ ಅನ್ಯಾಯದಿಂದ ಎದ್ದ ಗೇಣಿದಾರರನ್ನು ಸಂಘಟಿಸಿದವರು ಎಚ್. ಗಣಪತಿಯಪ್ಪನವರು. ಅವರೂ ಮೊದಲು ಮೇಷ್ಟ್ರು. ಧಣಿಯ ಎದುರು ತಲೆ ಎತ್ತದೆ ತಲೆಮಾರುಗಳನ್ನು ಕಳೆದಿದ್ದ ದೀವರ ಜನ 1951ರ ಏಪ್ರಿಲ್ 18ರಂದು ಸತ್ಯಾಗ್ರಹಕ್ಕೆ ಇಳಿದರು. ಅನಂತರ ಶಾಂತವೇರಿ ಗೋಪಾಲಗೌಡರೂ ಸಮಾಜವಾದಿ ಪಕ್ಷದವರೂ ಜೊತೆಗೂಡಿದರು. ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಅವರೇ ಬಂದು ದಸ್ತಗಿರಿಯಾದರು. ನಾವು ಸಭೆಗಳಲ್ಲಿ ಲೋಹಿಯಾ ಅವರ ಹೆಸರು ಹೇಳಿ ಚಪ್ಪಾಳೆ ಪಡೆಯುತ್ತೇವೆ. ಆದರೆ ಲೋಹಿಯಾ ಬರುವುದಕ್ಕೆ ಮುಂಚೆಯೇ ಹೊಲಕ್ಕೆ ಇಳಿದು ಜೈಲಿಗೆ ನಡೆದ ಗೇಣಿದಾರರು ಇದ್ದರು. ಆ ಜನ ತಯಾರಾಗಿರದಿದ್ದರೆ ದೆಹಲಿಯಿಂದ ಯಾರು ಬಂದಿದ್ದರೂ ಕಾಗೋಡು ಕಾಗೋಡಾಗುತ್ತಿರಲಿಲ್ಲ.

ನಮ್ಮ ಪಕ್ಷದ ಹುಳುಕನ್ನೂ ಮುಚ್ಚಿಡಬಾರದು. 1967ರಲ್ಲಿ ಲೋಹಿಯಾ ತೀರಿಕೊಂಡರು. 1972ರಲ್ಲಿ ಗೋಪಾಲಗೌಡರು, ಇನ್ನೂ ಐವತ್ತು ತುಂಬುವ ಮುಂಚೆಯೇ, ತೀರಿಕೊಂಡರು. ಆಮೇಲೆ ಎಷ್ಟೋ ತಾಲ್ಲೂಕುಗಳಲ್ಲಿ ನಮ್ಮ ಕಚೇರಿಯ ಬಾಗಿಲು ಮುಚ್ಚಿತು. ದೊಡ್ಡ ಆಲದ ಮರದ ಬುಡದಲ್ಲಿ ಸಸಿ ಏಳಲಿಲ್ಲ. ಮರದ ಮೇಲೆ ತಪ್ಪು ಹೊರಿಸುತ್ತಿಲ್ಲ. ನೆರಳಿನಲ್ಲಿ ಸುಖವಾಗಿ ಕುಳಿತು ಬೀಜ ನೆಡುವುದನ್ನು ಮರೆತ ನಮ್ಮಂಥವರ ತಪ್ಪು ಅದು.

ನಾವು ಮಾಡಿ ನೋಡಿದ್ದು

ಆ ಹಿರಿಯರ ಮಾತು ಕೇಳಿದ ಮೇಲೆ ನಾವು ಅದೇ ಗಿರಣಿಯಲ್ಲಿ ಹೊಸದಾಗಿ ಪ್ರಾರಂಭಿಸಿದೆವು. ಏನು ಮಾಡಿದೆವೆಂಬುದನ್ನು ಹೇಳುತ್ತೇನೆ. ಇದರಲ್ಲಿ ಮಂತ್ರವೇನೂ ಇಲ್ಲ.

ಮೊದಲನೆಯದಾಗಿ, ಕೆಲಸದ ಜಾಗಕ್ಕೆ ಇಬ್ಬರಂತೆ ಆರಿಸಿದೆವು. ಮೂಟೆ ಹೊರುವ ತಂಡಕ್ಕೆ ಇಬ್ಬರು, ಕಾಯಿ ಒಡೆಯುವ ಮಿಷನ್ನಿಗೆ ಇಬ್ಬರು, ಎಣ್ಣೆ ತೆಗೆಯುವ ಕಡೆಗೆ ಇಬ್ಬರು, ಬೀಜ ಆರಿಸುವ ಹೆಣ್ಣುಮಕ್ಕಳಿಗೆ ಇಬ್ಬರು. ಒಬ್ಬರು ಸಾಕಲ್ಲವೇ ಎಂದು ಕೆಲವರು ಕೇಳಿದರು. ಒಬ್ಬನನ್ನು ಕೆಲಸದಿಂದ ತೆಗೆಯುವುದು ಸುಲಭ, ಇಬ್ಬರಿದ್ದರೆ ಒಬ್ಬರಿಗೊಬ್ಬರು ಆಸರೆ. ಜೊತೆಗೆ ಒಬ್ಬರ ಲೆಕ್ಕಕ್ಕೆ ಇನ್ನೊಬ್ಬರು ಸಾಕ್ಷಿ.

ಎರಡನೆಯದಾಗಿ, ಬಟವಾಡೆಯ ಸಂಜೆ ಎಲ್ಲರೂ ಗೇಟಿನ ಹೊರಗಿನ ಬೇವಿನ ಮರದ ಕೆಳಗೆ ಹತ್ತು ನಿಮಿಷ ಕೂಡಬೇಕು. ಆ ವಾರ ಎಷ್ಟು ಮೂಟೆ, ಎಷ್ಟು ದರ, ಎಷ್ಟು ಮುಂಗಡ ಹಿಡಿದರು ಎಂಬುದನ್ನು ಆಯಾ ತಂಡದವರೇ ಗಟ್ಟಿಯಾಗಿ ಹೇಳಬೇಕು. ಓದು ಬಾರದವರು ಬಾಯಿಲೆಕ್ಕ ಹೇಳಬೇಕು. ಮೊದಲ ತಿಂಗಳು ನಗೆಯೋ ನಗೆ. ಎರಡನೆಯ ತಿಂಗಳಿನಿಂದ ನಗು ನಿಂತು ಪ್ರಶ್ನೆಗಳು ಬಂದವು.

ಮೂರನೆಯದಾಗಿ, ನಾವು ನಾವೇ ಮಾತುಕತೆಯ ಅಭ್ಯಾಸ ಮಾಡಿದೆವು. ನಾನು ಧಣಿಯಾಗಿ ಕುರ್ಚಿಯ ಮೇಲೆ ಕೂರುವುದು. ಮೂರು ಮೂರು ಜನ ಬಂದು ಬೇಡಿಕೆ ಹೇಳುವುದು. ನಾನು ಚಹಾ ಕೊಡಿಸುತ್ತಿದ್ದೆ, ಬೈಯುತ್ತಿದ್ದೆ, ‘ನಿನ್ನ ಮಗಳ ಮದುವೆಗೆ ಸಾಲ ಕೊಟ್ಟವನು ನಾನಲ್ಲವೇನೋ?’ ಎಂದು ಕೇಳುತ್ತಿದ್ದೆ. ಈ ಕೊನೆಯ ಮಾತಿಗೆ ಎಲ್ಲರೂ ಸೋಲುತ್ತಿದ್ದರು. ಸಾಲದ ಋಣ ಬೇರೆ, ದುಡಿಮೆಯ ದರ ಬೇರೆ ಎಂದು ಹೇಳುವುದನ್ನು ಕಲಿಯಲು ನಮಗೆ ಎರಡು ತಿಂಗಳು ಹಿಡಿಯಿತು.

ನಾಲ್ಕನೆಯದಾಗಿ, ಚಂದಾ ಎತ್ತುವವರು ಬೇರೆ, ಲೆಕ್ಕ ಬರೆಯುವವರು ಬೇರೆ, ಆರು ತಿಂಗಳಿಗೊಮ್ಮೆ ಎಲ್ಲರೂ ಬದಲಾವಣೆ ಎಂದು ಗೊತ್ತು ಮಾಡಿದೆವು.

ಕಳೆದ ಸುಗ್ಗಿಯಲ್ಲಿ ಧಣಿಗಳು ಮತ್ತೆ ಕರೆಸಿದರು. ನಾನು ಊರಲ್ಲೇ ಇದ್ದೆ, ಬೇಕೆಂದೇ ಹೋಗಲಿಲ್ಲ. ಎದುರಿನ ಹೋಟೆಲಿನಲ್ಲಿ ಕುಳಿತು ಗೇಟನ್ನೇ ನೋಡುತ್ತಿದ್ದೆ. ಆ ಒಂದೂವರೆ ಗಂಟೆ ನನಗೆ ಜ್ವರದ ಹನ್ನೆರಡು ದಿನಕ್ಕಿಂತ ಉದ್ದವಾಗಿತ್ತು. ಒಳಗೆ ನಡೆದದ್ದನ್ನು ಅವರೇ ಬಂದು ಹೇಳಿದರು. ಬೀಜ ಆರಿಸುವ ಒಬ್ಬ ತಾಯಿ, ಸಭೆಯಲ್ಲಿ ಸೆರಗು ಬಾಯಿಗೆ ಹಿಡಿದೇ ಕೂರುತ್ತಿದ್ದವರು, ಎದ್ದು ನಿಂತರಂತೆ. ಅವರಿಗೆ ಅಕ್ಷರ ಬಾರದು. ದಿನಕ್ಕೆ ಎಷ್ಟು ಮೂಟೆ ಆರಿಸಿದರೋ ಅಷ್ಟು ಗೀಟನ್ನು ಮನೆಯ ಗೋಡೆಯ ಮೇಲೆ ಸುಣ್ಣದಲ್ಲಿ ಎಳೆಯುತ್ತಾ ಬಂದಿದ್ದರು. ಮಗನ ಕೈಲಿ ಅದನ್ನು ಎಣಿಸಿ ಬರೆಸಿಕೊಂಡು ಚೀಟಿ ತಂದಿದ್ದರು. ‘ಸಾವ್ಕಾರ್ರೇ, ನಿಮ್ಮ ಪುಸ್ತಕದಾಗೆ ಒಂದು ಲೆಕ್ಕ ಐತೆ, ನಮ್ಮ ಗೋಡೆ ಮ್ಯಾಗೆ ಒಂದು ಲೆಕ್ಕ ಐತೆ. ಎರಡೂ ಕೂಡಾಕಿಲ್ಲ. ನಾನು ಕಳ್ಳತನ ಅನ್ನಾಕಿಲ್ಲ. ನಮ್ಮ ಕಣ್ಣೆದುರಿಗೆ ಕಾಟಾಕ್ಕೆ ಹಾಕ್ರಿ, ಆಗ ಎರಡೂ ಕೂಡ್ತಾವೆ’ ಎಂದರಂತೆ.

ಅವರು ಕುಳಿತ ಮೇಲೆ ಹಮಾಲರು ಬಾಯಿ ಬಿಟ್ಟರು. ಅದಾದ ಮೇಲೆ ಎಣ್ಣೆ ತೆಗೆಯುವ ಕಡೆಯ ಹುಡುಗ ಮಾತಾಡಿದ. ಆ ತಾಯಿ ಆಡಿದ್ದು ನಾಲ್ಕು ಮಾತು. ಆದರೆ ‘ಆಕೆ ಮಾತಾಡಿದಳು, ಆಕಾಶ ಬೀಳಲಿಲ್ಲ, ನಾನೂ ಮಾತಾಡಬಹುದು’ ಎಂದು ಹತ್ತು ಜನಕ್ಕೆ ತಿಳಿಯಿತು. ಮುಂದಾಳುಗಳ ತಯಾರಿಯಿಂದ ತಂಡಕ್ಕೆ ಧೈರ್ಯ ಬರುವ ರೀತಿ ಇದು. ನಾನು, ಅಂದರೆ ಓದಿದ ಮೇಷ್ಟ್ರು, ಸಾವಿರ ಮಾತಾಡಿದರೂ ಅವರಿಗೆ ಆ ಧೈರ್ಯ ಬರುತ್ತಿರಲಿಲ್ಲ. ‘ಅವರು ಓದಿದವರು, ಅವರಿಗೆ ಸರಿ’ ಎನ್ನುತ್ತಿದ್ದರು. ತನ್ನ ಪಕ್ಕದಲ್ಲೇ ಕುಳಿತು ಬೀಜ ಆರಿಸುವಾಕೆ ಮಾತಾಡಿದಾಗ ಆ ನೆಪ ಉಳಿಯುವುದಿಲ್ಲ.

ದೊಡ್ಡ ಜಯ ಸಿಕ್ಕಿತೆಂದು ಹೇಳಲಾರೆ. ಕಣ್ಣೆದುರಿಗೆ ತೂಗುವುದಕ್ಕೆ ಧಣಿಗಳು ಒಪ್ಪಿದರು. ಹಮಾಲರ ದರ ಕೇಳಿದಷ್ಟು ಏರಲಿಲ್ಲ, ಅದರ ಮಾತು ಇನ್ನೂ ನಡೆದಿದೆ. ಆದರೆ ಈ ಸಲ ಬರೆದ ಕಾಗದವನ್ನು ನಮ್ಮವರೇ ಎರಡು ಬಾರಿ ಓದಿಸಿ ಕೇಳಿ, ಒಂದು ವಾಕ್ಯ ಹೊಡೆದು ಹಾಕಿಸಿ, ಆಮೇಲೆ ರುಜು ಹಾಕಿದರು.

ಮಗ್ಗದ ಮನೆಯ ಕಷ್ಟ ಬೇರೆ

ಇದನ್ನೆಲ್ಲ ಕೇಳಿ ಮೊಳಕಾಲ್ಮೂರಿನ ಮಿತ್ರರು, ‘ನಿಮಗಾದರೆ ಒಂದು ಗೇಟಿದೆ, ಒಂದು ಬೇವಿನ ಮರವಿದೆ. ನಮ್ಮ ಮಗ್ಗ ನಮ್ಮ ನಮ್ಮ ಮನೆಯೊಳಗೆ, ನಾವು ಕೂಡುವುದೆಲ್ಲಿ?’ ಎಂದು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಕುಣಿ ಮಗ್ಗದಲ್ಲಿ ಕಾಲಿಳಿಬಿಟ್ಟು ಕೂತವನಿಗೆ ಕಾಣುವುದು ಎದುರಿನ ಗೋಡೆ. ಹೆಂಡತಿ ನೂಲು ಸುತ್ತಿ ಕೊಡುತ್ತಾಳೆ, ಮಕ್ಕಳು ಕೈಗೂಡುತ್ತಾರೆ. ಕೂಲಿ ಮಾತ್ರ ಒಬ್ಬನ ಹೆಸರಿಗೆ. ರೇಷ್ಮೆ ಮತ್ತು ಜರಿ ಕೊಡುವ ಸಾಹುಕಾರನು ಮನೆ ಮನೆಗೂ ಬೇರೆ ಬೇರೆ ಮಾತು ಹೇಳಬಲ್ಲನು. ಪಕ್ಕದ ಮನೆಯವನಿಗೆ ಎಷ್ಟು ಮಜೂರಿ ಕೊಟ್ಟನೆಂದು ಇವನಿಗೆ ತಿಳಿಯದು.

ಮೊಳಕಾಲ್ಮೂರು ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು. ಹೆಸರು ಊರಿನದಾಯಿತು, ಸಂತೋಷ. ಕೈಮಗ್ಗಕ್ಕೆಂದೇ ಕೆಲವು ಬಟ್ಟೆಗಳನ್ನು ಮೀಸಲಿಟ್ಟ ಕಾಯಿದೆ 1985ರಿಂದಲೂ ಇದೆ. ಆದರೆ ವಿದ್ಯುತ್ ಮಗ್ಗದ ಸೀರೆಯನ್ನು ಇದೇ ಹೆಸರಿನಲ್ಲಿ ಮಾರಿದರೆ ಕೇಳುವವರು ಯಾರು? ದಾಖಲೆ ಹಿಡಿದು ಕಚೇರಿಗೆ ಹೋಗುವವರು ಯಾರು? ನೇಕಾರರೊಳಗೆ ಅಂಥ ನಾಲ್ಕು ಜನ ತಯಾರಾಗದಿದ್ದರೆ ಮಾನ್ಯತೆಯ ಪತ್ರ ಗೋಡೆಗೆ ತೂಗುಹಾಕಿದ ಪಟವಾಗುತ್ತದೆ.

ನನ್ನ ಸಲಹೆ ಇಷ್ಟು. ಬೀದಿಗೆ ಇಬ್ಬರಂತೆ ಆರಿಸಿ, ಅವರಲ್ಲಿ ಒಬ್ಬರು ಹೆಣ್ಣುಮಗಳಾಗಿರಲಿ. ಯಾವ ಮನೆಗೆ ಎಷ್ಟು ತೂಕದ ರೇಷ್ಮೆ ಬಂತು, ಎಷ್ಟು ದಿನಕ್ಕೆ ಸೀರೆ ಇಳಿಯಿತು, ಎಷ್ಟು ಮಜೂರಿ ಸಿಕ್ಕಿತು ಎಂಬುದನ್ನು ಅವರು ಒಂದು ಪುಸ್ತಕದಲ್ಲಿ ಬರೆಯಲಿ. ತಿಂಗಳಿಗೊಮ್ಮೆ ದೇವಸ್ಥಾನದ ಕಟ್ಟೆಯ ಮೇಲೆ ಆ ಪುಸ್ತಕವನ್ನು ಓದಲಿ. ಪಕ್ಕದ ಮನೆಯ ಮಜೂರಿ ತಿಳಿದ ದಿನವೇ ಅರ್ಧ ಹೆದರಿಕೆ ಹೋಗುತ್ತದೆ. ನೇಕಾರರ ಸಹಕಾರ ಸಂಘಗಳ ವಾರ್ಷಿಕ ಸಭೆಯಲ್ಲಿ ಲೆಕ್ಕಪತ್ರ ಓದಿದೊಡನೆ ‘ಒಪ್ಪಿಗೆ, ಒಪ್ಪಿಗೆ’ ಎಂದು ಎದ್ದು ಹೋಗುವ ರೂಢಿಯನ್ನು ಬಿಡಿ. ಬೀದಿಗೊಂದು ಪ್ರಶ್ನೆಯನ್ನಾದರೂ ಬರೆದುಕೊಂಡು ಹೋಗಿ.

ಕಾಯಿದೆ ಏನು ಹೇಳುತ್ತದೆ

1926ರ ಆ ಕಾಯಿದೆ ಈಗಿಲ್ಲ. 2020ರಲ್ಲಿ ಮಾಡಿದ ಕೈಗಾರಿಕಾ ಸಂಬಂಧಗಳ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಇದರಲ್ಲಿ ಕಾರ್ಮಿಕರಿಗೆ ಅಹಿತವಾದದ್ದು ಬಹಳವಿದೆ. ಕಾರ್ಖಾನೆ ಮುಚ್ಚಲು, ಕೆಲಸದವರನ್ನು ಕಡಿಮೆ ಮಾಡಲು ಸರ್ಕಾರದ ಅನುಮತಿ ಬೇಕಾಗಿದ್ದ ಮಿತಿಯನ್ನು ನೂರು ಜನರಿಂದ ಮುನ್ನೂರಕ್ಕೆ ಏರಿಸಿದ್ದಾರೆ. ಮುಷ್ಕರಕ್ಕೆ ಹದಿನಾಲ್ಕು ದಿನ ಮೊದಲೇ ನೋಟೀಸು ಕೊಡಬೇಕು. ಇದನ್ನು ನಾವು ವಿರೋಧಿಸುತ್ತೇವೆ, ಮುಂದೆಯೂ ವಿರೋಧಿಸುತ್ತೇವೆ.

ಆದರೆ ಕೈಯಲ್ಲಿರುವ ಕುಡುಗೋಲನ್ನು ಬಿಡಬಾರದು. ಇಪ್ಪತ್ತು ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಕುಂದುಕೊರತೆ ಸಮಿತಿ ಇರಲೇಬೇಕೆಂದು ಅದೇ ಸಂಹಿತೆ ಹೇಳುತ್ತದೆ. ಹತ್ತಕ್ಕೆ ಮೀರದ ಸದಸ್ಯರು, ಮಾಲೀಕರ ಕಡೆಯವರೆಷ್ಟೋ ಕೆಲಸಗಾರರ ಕಡೆಯವರೂ ಅಷ್ಟೇ. ಅಧ್ಯಕ್ಷತೆ ಒಂದು ವರ್ಷ ಅವರ ಕಡೆಗೆ, ಒಂದು ವರ್ಷ ಇವರ ಕಡೆಗೆ. ಹೆಣ್ಣುಮಕ್ಕಳು ಕೆಲಸದಲ್ಲಿ ಎಷ್ಟು ಪಾಲಿದ್ದಾರೋ ಅದಕ್ಕೆ ಕಡಿಮೆಯಾಗದಂತೆ ಸಮಿತಿಯಲ್ಲೂ ಇರಬೇಕು. ಈ ಸಮಿತಿಯೊಳಗೆ ನಾನು ಬಂದು ಕೂರಲಾರೆ. ಕೂರಬೇಕಾದವರು ನೀವು. ಸಂಘದ ಪದಾಧಿಕಾರಿಗಳಲ್ಲೂ ಹೊರಗಿನವರು ಮೂರರಲ್ಲಿ ಒಂದು ಪಾಲು ಅಥವಾ ಐದು ಜನ, ಯಾವುದು ಕಡಿಮೆಯೋ ಅಷ್ಟೇ ಇರಬಹುದು. 2001ರ ತಿದ್ದುಪಡಿಯಿಂದಲೇ ಈ ನಿಯಮ ಬಂದಿತ್ತು. ಮಾಲೀಕರಿಗೆ ಅನುಕೂಲವಾಗಲೆಂದೇ ಹೊರಗಿನವರನ್ನು ಕಡಿಮೆ ಮಾಡಿದರೆಂಬ ಮಾತುಂಟು. ಇರಬಹುದು. ಒಳಗಿನವರು ತಯಾರಿಲ್ಲದಿದ್ದರೆ ಅದು ಮಾಲೀಕರಿಗೆ ಅನುಕೂಲ, ತಯಾರಿದ್ದರೆ ನಮಗೆ ಅನುಕೂಲ.

ಕಾರ್ಮಿಕರನ್ನೇ ಶಿಕ್ಷಕರನ್ನಾಗಿ ಮಾಡುವ ಯೋಚನೆ ಸರ್ಕಾರಕ್ಕೂ ಒಂದು ಕಾಲದಲ್ಲಿ ಹೊಳೆದಿತ್ತು. 1958ರಲ್ಲಿ ನಾಗಪುರದಲ್ಲಿ ಕೇಂದ್ರ ಕಾರ್ಮಿಕ ಶಿಕ್ಷಣ ಮಂಡಲಿಯನ್ನು ಸ್ಥಾಪಿಸಿದರು. ಮಂಡಲಿಯ ಅಧಿಕಾರಿಗಳು ಕಾರ್ಮಿಕರಲ್ಲೇ ಕೆಲವರನ್ನು ಶಿಕ್ಷಕರನ್ನಾಗಿ ತರಬೇತು ಮಾಡುವುದು, ಅವರು ಹಿಂದಿರುಗಿ ತಮ್ಮ ಜೊತೆಯವರಿಗೆ ಕಲಿಸುವುದು ಎಂಬುದು ಆ ಯೋಜನೆ. ಅದು ದೊಡ್ಡ ಕಾರ್ಖಾನೆಗಳಿಗಾಯಿತು. ನಮ್ಮ ಸಣ್ಣ ಗಿರಣಿಗಳಲ್ಲಿ ನಾವೇ ಮಾಡಿಕೊಳ್ಳಬೇಕು.

ಎರಡು ಆಕ್ಷೇಪಣೆಗಳು

‘ಒಬ್ಬನನ್ನು ತಯಾರು ಮಾಡಿದರೆ ಧಣಿ ಅವನನ್ನು ಮೇಸ್ತ್ರಿ ಮಾಡಿ ಕೊಂಡುಕೊಳ್ಳುತ್ತಾನೆ’ ಎನ್ನುತ್ತಾರೆ. ನಿಜ, ಹಾಗೆ ಆಗಿದೆ. ಒಬ್ಬನನ್ನು ಕೊಳ್ಳಬಹುದು, ಎಂಟು ಜನರನ್ನು ಕೊಳ್ಳುವುದು ಕಷ್ಟ. ಆರು ತಿಂಗಳಿಗೊಮ್ಮೆ ಬದಲಾಗುವವರನ್ನು ಕೊಳ್ಳುವುದು ಇನ್ನೂ ಕಷ್ಟ.

‘ಮುಂದಾಳಾದವನು ನಾಳೆ ನಮ್ಮ ಮೇಲೆಯೇ ದರ್ಬಾರು ಮಾಡುತ್ತಾನೆ’ ಎಂಬುದು ಎರಡನೆಯದು. ಇದು ಮೊದಲನೆಯದಕ್ಕಿಂತ ದೊಡ್ಡ ಅಪಾಯ. ಹಾಗೆಯೇ ಒಂದೇ ಕೇರಿಯವರು, ಒಂದೇ ಜಾತಿಯವರು ಎಲ್ಲ ಜಾಗಗಳನ್ನೂ ಹಿಡಿದರೆ ಉಳಿದವರ ಪಾಲಿಗೆ ಸಂಘವೂ ಇನ್ನೊಬ್ಬ ಧಣಿಯಾಗುತ್ತದೆ. ಆದುದರಿಂದಲೇ ಸರದಿ ಬೇಕು. ಆದುದರಿಂದಲೇ ಲೆಕ್ಕವನ್ನು ಮರದ ಕೆಳಗೆ ಎಲ್ಲರ ಎದುರಿಗೆ ಓದಬೇಕು. ಹೆಣ್ಣುಮಕ್ಕಳೂ ಕೆಳಗಿನ ಕೇರಿಯವರೂ ಮೊದಲ ಸರದಿಯಲ್ಲೇ ಬರಬೇಕು, ಕೊನೆಯಲ್ಲಿ ಉಳಿದ ಜಾಗಕ್ಕಲ್ಲ.

ಬಂಧುಗಳೇ, ಕಾಲ ಕಠಿಣವಾಗಿದೆ. ಒಂದು ಕಾಲಕ್ಕೆ ಎಣ್ಣೆಯ ವ್ಯಾಪಾರದಿಂದ ಎರಡನೆಯ ಬೊಂಬಾಯಿ ಎನ್ನಿಸಿಕೊಂಡಿದ್ದ ಚಳ್ಳಕೆರೆಯಲ್ಲಿ ಎಷ್ಟೋ ಗಿರಣಿಗಳ ಹೊಗೆಕೊಳವೆ ತಣ್ಣಗಾಗಿವೆ. 1994ರಲ್ಲಿ ಪಾಮೋಲಿನ್ ಆಮದಿನ ಬಾಗಿಲು ತೆರೆದ ಮೇಲೆ ಶೇಂಗಾ ಎಣ್ಣೆಗೆ ಬಿದ್ದ ಪೆಟ್ಟು, ಮಳೆ ಕೈಕೊಟ್ಟ ವರ್ಷಗಳ ಪೆಟ್ಟು ಎರಡನ್ನೂ ಈ ಊರು ತಿಂದಿದೆ. ಗಿರಣಿ ನಿಂತರೆ ಕೂಲಿಕಾರನ ಒಲೆ ಆರುತ್ತದೆ, ಅವನಿಗೆ ಉದ್ದರಿ ಕೊಟ್ಟ ಅಂಗಡಿಕಾರನ ಪುಸ್ತಕವೂ ತುಂಬುತ್ತದೆ. ಇಂಥ ಕಾಲದಲ್ಲಿ ಹೆದರಿದ ಕೂಲಿಕಾರ ಸಿಕ್ಕಿದಷ್ಟಕ್ಕೆ ದುಡಿಯುತ್ತಾನೆ, ದರ ಇನ್ನೂ ಇಳಿಯುತ್ತದೆ, ಪೇಟೆಯ ವ್ಯಾಪಾರವೂ ಅದರ ಜೊತೆಯಲ್ಲೇ ಇಳಿಯುತ್ತದೆ. ಆದ್ದರಿಂದ ಇದು ಗಿರಣಿಯವರ ಪ್ರಶ್ನೆ ಮಾತ್ರವಲ್ಲ.

ನಮ್ಮ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಕೆರೆ ಕಟ್ಟಿಸಿದಾಗ ದುಡಿದವರಿಗೆ ದುಡಿದಷ್ಟು ಸಲ್ಲಬೇಕೆಂದರು ಎಂಬುದು ಈ ಸೀಮೆಯ ಮನೆಮನೆಯ ಮಾತು. ‘ಮಾಡಿದವರಿಗೆ ಮಾಡಿದಷ್ಟು ನೀಡು ಭಿಕ್ಷೆ.’ ಜಾತ್ರೆಯಲ್ಲಿ ಕೊಬ್ಬರಿ ಸುಟ್ಟು ಕೈಮುಗಿದು ಬರುವ ನಾವು ಆ ಮಾತನ್ನು ಗಿರಣಿಯ ಕಾಟಾದ ಬಳಿಗೂ ಕೊಂಡೊಯ್ಯಬೇಕು. ಮಾಡಿದ್ದೆಷ್ಟು ಎಂದು ಎಣಿಸಬಲ್ಲವರು, ಎಣಿಸಿದ್ದನ್ನು ಹೇಳಬಲ್ಲವರು ನಮ್ಮೊಳಗೇ ಇದ್ದರೆ ಮಾತ್ರ ಮಾಡಿದಷ್ಟು ಸಿಕ್ಕೀತು.

ಇಂದು ಈ ಶಿಬಿರದಿಂದ ಹಿಂದಿರುಗುವ ಮುನ್ನ ಪ್ರತಿಯೊಂದು ಗಿರಣಿಯವರೂ ಪ್ರತಿಯೊಂದು ಬೀದಿಯವರೂ ಇಬ್ಬಿಬ್ಬರ ಹೆಸರನ್ನು ಬರೆದು ಅಧ್ಯಕ್ಷರ ಕೈಗೆ ಕೊಡಬೇಕೆಂದು ಪ್ರಾರ್ಥನೆ. ಆ ಪಟ್ಟಿಯಲ್ಲಿ ನನ್ನ ಹೆಸರು ಬೇಡ. ಮುಂದಿನ ವರ್ಷದ ಶಿಬಿರದಲ್ಲಿ ಈ ವಿಷಯದ ಮೇಲೆ ಮಾತಾಡುವವರು ಗೋಡೆಯ ಮೇಲೆ ಸುಣ್ಣದ ಗೀಟೆಳೆದ ಆ ತಾಯಿ 되ಗಲಿ. ನಾನು ಕೆಳಗೆ ನಿಮ್ಮ ಜೊತೆ ಕುಳಿತು ಕೇಳುತ್ತೇನೆ.